ಹೊಸ ಸ್ವರ ಸಂಯೋಜನೆಯ ಕರಡನ್ನು ಅಂತರ್ಜಾಲದ ಕೇಳುಗರ ಮುಂದಿಡುವ ಕ್ರಮ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಮತ್ತು ರುದ್ರಪಟ್ಟಣ ಸಹೋದರರಂಥ ವಿದ್ವಾಂಸರನ್ನು ನಾಡಿಗೆ ಕೊಟ್ಟ ಊರು. ಅಂಥ ಊರಿನಲ್ಲಿ ಹೊಸದಾಗಿ ಒಂದು ಪಲ್ಲವಿಯನ್ನು ಕಟ್ಟಿದವರಿಗೆ ಅದನ್ನು ಕೇಳಿ ತೂಗಿ ನೋಡಬಲ್ಲ ಕಿವಿಗಳು ನೆರೆಮನೆಯಲ್ಲೇ ಸಿಗಬಲ್ಲವು. ಮೂಡಿಗೆರೆಯ ತೋಟದ ಮನೆಯಲ್ಲೋ ಸಕಲೇಶಪುರದ ಘಟ್ಟದ ಅಂಚಿನಲ್ಲೋ ಒಬ್ಬರೇ ಕುಳಿತು ಸ್ವರ ಸಂಯೋಜನೆ ಮಾಡುವವರಿಗೆ ಆ ಅನುಕೂಲ ಇರುವುದಿಲ್ಲ. ಅವರಿಗೆ ಅಂತರ್ಜಾಲವೇ ನೆರೆಮನೆಯಾಗಬೇಕು. ಆದರೆ ಕರಡನ್ನು ಸುಮ್ಮನೆ ಏರಿಸಿಬಿಟ್ಟರೆ ಬರುವುದು ಹೊಗಳಿಕೆ ಅಥವಾ ಮೌನ, ಎರಡರಿಂದಲೂ ಕೃತಿಗೆ ಪ್ರಯೋಜನವಿಲ್ಲ. ಕರಡು ಯಾವ ಹಂತದಲ್ಲಿದೆ, ಅದರ ಬಗ್ಗೆ ಕೇಳುಗರಿಂದ ಏನನ್ನು ತಿಳಿಯಬೇಕಾಗಿದೆ ಎಂಬ ಎರಡು ವಿಷಯಗಳನ್ನು ಧ್ವನಿಯ ಜೊತೆಗೇ ಕಳುಹಿಸಬೇಕು ಎಂಬುದೇ ಈ ಬರಹದ ಮುಖ್ಯ ಮಾತು.

ಮೊದಲು ಗಾತ್ರವನ್ನು ನಿರ್ಧರಿಸಿಕೊಳ್ಳಿ. ಕೇಳುಗರ ಮುಂದಿಡುವ ಕರಡು ಚಿಕ್ಕದಾಗಿರಬೇಕು, ಆದರೆ ತುಂಡಾಗಿರಬಾರದು. ಆದಿತಾಳದಲ್ಲಿ ನಿಮಿಷಕ್ಕೆ 60 ಎಣಿಕೆಯ ನಡೆಯನ್ನು ಇಟ್ಟುಕೊಂಡರೆ ಒಂದು ಆವರ್ತನಕ್ಕೆ, ಅಂದರೆ ತಾಳದ ಎಂಟು ಎಣಿಕೆಗಳ ಒಂದು ಸುತ್ತಿಗೆ, 8 ಸೆಕೆಂಡು ಹಿಡಿಯುತ್ತದೆ. ಪಲ್ಲವಿಯನ್ನು ಎರಡು ಮೂರು ಸಂಗತಿಗಳೊಂದಿಗೆ (ಒಂದೇ ಸಾಲನ್ನು ಸ್ವರ ಬದಲಿಸಿ ಹಾಡುವ ರೂಪಗಳೊಂದಿಗೆ) ಹಾಡಿ, ಎರಡನೆಯ ಭಾಗವಾದ ಅನುಪಲ್ಲವಿಯನ್ನು ಮುಗಿಸಿ, ಮತ್ತೆ ಪಲ್ಲವಿಗೆ ಮರಳಲು ಹನ್ನೆರಡು ಆವರ್ತನಗಳು ಬೇಕಾದರೂ ಒಟ್ಟು 96 ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಮರಳುವ ಆ ಘಟ್ಟವನ್ನು ಬಿಡಬಾರದು. ಅನುಪಲ್ಲವಿಯ ತಾರಸ್ಥಾಯಿಯಿಂದ ಪಲ್ಲವಿಗೆ ಇಳಿಯುವಾಗ ಕೃತಿ ಸಹಜವಾಗಿ ಸೇರಿಕೊಳ್ಳುತ್ತದೆಯೋ ಎಡವುತ್ತದೆಯೋ ಎಂಬುದು ಇಡೀ ಕಟ್ಟಡದ ಗಟ್ಟಿತನವನ್ನು ತೋರಿಸುತ್ತದೆ. ಭಾವಗೀತೆಯಾದರೆ ಒಂದು ಪಲ್ಲವಿ ಮತ್ತು ಒಂದು ಚರಣ ಸಾಕು, ಮಕ್ಕಳ ಹಾಡಾದರೆ ಪೂರ್ತಿ ಹಾಡನ್ನೇ ಕೊಡಬಹುದು.

ಕರಡಿನ ಹಂತವನ್ನು ನಾನು ಮೂರಾಗಿ ವಿಂಗಡಿಸುತ್ತೇನೆ. ಬರೀ ಧಾಟಿ ಹೊಳೆದು, ಗುನುಗಿ ಮುದ್ರಿಸಿಕೊಂಡದ್ದು ಮೊದಲನೆಯದು. ತಾಳ, ಎತ್ತುಗಡೆ (ತಾಳದ ಯಾವ ಜಾಗದಿಂದ ಹಾಡು ಆರಂಭವಾಗುತ್ತದೆ ಎಂಬುದು) ಮತ್ತು ಸಾಹಿತ್ಯದ ಹಂಚಿಕೆ ನಿಂತು, ಸಂಗತಿಗಳು ಇನ್ನೂ ಬದಲಾಗಬಹುದಾದದ್ದು ಎರಡನೆಯದು. ಎಲ್ಲವೂ ಕೂಡಿಬಂದು ಹಾಡುಗಾರಿಕೆಯ ಒಪ್ಪ ಮಾತ್ರ ಉಳಿದಿರುವುದು ಮೂರನೆಯದು. ಮೊದಲ ಹಂತದ್ದನ್ನು ನಿಮ್ಮ ಗುರುಗಳಿಗೋ ಸಹಪಾಠಿಗಳಿಗೋ ಹೊರತು ಬೇರೆಯವರಿಗೆ ಕೇಳಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆ ಹೊತ್ತಿಗೆ ಸಂಯೋಜಕರ ಮನಸ್ಸಿನಲ್ಲೇ ಆಕಾರ ಸ್ಪಷ್ಟವಾಗಿರುವುದಿಲ್ಲ, ಮತ್ತು ಪರಿಚಯವಿಲ್ಲದವರ ಒಂದು ಮಾತಿಗೆ ಇಡೀ ಧಾಟಿಯೇ ಬೇರೆ ದಿಕ್ಕಿಗೆ ಹೊರಳಿಬಿಡಬಹುದು. ಕೇಳುಗರಿಂದ ಹೆಚ್ಚು ಲಾಭ ದೊರೆಯುವುದು ಎರಡನೆಯ ಹಂತದಲ್ಲಿ. ಆಗ ದೋಷ ತಿಳಿದರೆ ತಿದ್ದಲು ಅವಕಾಶವೂ ಇರುತ್ತದೆ, ತಿದ್ದಬೇಕಾದದ್ದು ಯಾವುದು ಎಂದು ಗುರುತಿಸುವಷ್ಟು ಕೃತಿ ನಿಂತೂ ಇರುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲೇ ‘ಕರಡು, ಎರಡನೆಯ ಹಂತ’ ಎಂದು ಬರೆದು, ದಿನಾಂಕವನ್ನೂ ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿ.

ಇನ್ನು ಪ್ರಶ್ನೆ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ನಮ್ಮ ಕಡೆಯ ಜನರ ಸೌಜನ್ಯಕ್ಕೆ ಬೇರೆ ಉತ್ತರ ಒಗ್ಗುವುದೂ ಇಲ್ಲ. ಅದರ ಬದಲು ಒಂದು ಕರಡಿಗೆ ಒಂದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ, ಮತ್ತು ಆ ಪ್ರಶ್ನೆಗೆ ಸಂಗೀತದ ಪರಿಭಾಷೆ ಗೊತ್ತಿಲ್ಲದವರೂ ಉತ್ತರಿಸುವಂತಿರಲಿ. ‘ಕೇಳುತ್ತಿರುವಾಗ ನಿಮ್ಮ ಗಮನ ಎಲ್ಲಿ ಜಾರಿತು? ನಿಮಿಷ, ಸೆಕೆಂಡು ನೋಡಿ ತಿಳಿಸಿ’ ಎಂಬುದು ಬಹಳ ಉಪಯುಕ್ತವಾದ ಪ್ರಶ್ನೆ. ‘ಮುಗಿಯಿತು ಎಂದು ನಿಮಗೆ ಎಲ್ಲಿ ಅನ್ನಿಸಿತು?’ ಎಂಬುದು ಇನ್ನೊಂದು. ಮುಕ್ತಾಯಕ್ಕೆ ಮೊದಲೇ ಹಾಡು ಮುಗಿದಂತೆ ಅನೇಕರಿಗೆ ಅನ್ನಿಸಿದರೆ, ಉಳಿದ ಭಾಗ ಹೆಚ್ಚುವರಿಯಾಗಿದೆ ಎಂದೇ ಅರ್ಥ. ಮೃದಂಗ ಅಥವಾ ತಬಲಾ ನುಡಿಸುವವರಿಗೆ ಬೇರೆಯೇ ಪ್ರಶ್ನೆಯನ್ನು ಕಳುಹಿಸಬೇಕು. ಅನಾಗತದ ಎತ್ತುಗಡೆ, ಅಂದರೆ ತಾಳ ಆರಂಭವಾದ ಮೇಲೆ ಹಾಡು ಎತ್ತಿಕೊಳ್ಳುವ ಕ್ರಮ, ಮೊದಲ ಆವರ್ತನದಲ್ಲೇ ಅವರಿಗೆ ಸ್ಪಷ್ಟವಾಯಿತೇ, ಅಥವಾ ಎರಡನೆಯ ಆವರ್ತನದವರೆಗೆ ಕಾಯಬೇಕಾಯಿತೇ ಎಂದು ಕೇಳಿ. ಅವರು ಕಾಯಬೇಕಾಗಿ ಬಂದಿದ್ದರೆ ಪಲ್ಲವಿಯ ಮೊದಲ ಪದದ ಒತ್ತು ತಾಳಕ್ಕೆ ಸರಿಹೊಂದಿಲ್ಲ ಎಂಬ ಸಂದೇಹವನ್ನು ಪರಿಶೀಲಿಸಬೇಕಾಗುತ್ತದೆ.

ಸಾಹಿತ್ಯದ ಪರೀಕ್ಷೆಗೆ ಒಂದು ಸರಳ ವಿಧಾನವಿದೆ. ಸಾಹಿತ್ಯವನ್ನು ಬರೆದು ಕೊಡದೆ ಧ್ವನಿಯನ್ನಷ್ಟೇ ಕಳುಹಿಸಿ, ಕಿವಿಗೆ ಬಿದ್ದ ಪದಗಳನ್ನು ಬರೆದು ಕಳುಹಿಸುವಂತೆ ಮೂರು ನಾಲ್ಕು ಜನರನ್ನು ಕೇಳಿಕೊಳ್ಳಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳೇ ಅರ್ಥವನ್ನು ಬದಲಿಸುವುದರಿಂದ, ‘ಮರ’ ಎಂಬಲ್ಲಿ ಮೊದಲ ಅಕ್ಷರವನ್ನು ಎರಡು ಎಣಿಕೆಗೆ ಎಳೆದರೆ ಕೇಳುಗರು ‘ಮಾರ’ ಎಂದೇ ಬರೆಯುತ್ತಾರೆ, ‘ಕಡು’ ಎಂಬುದು ‘ಕಾಡು’ ಆಗುತ್ತದೆ. ಪದದ ನಡುವೆ ಉಸಿರು ಬಿದ್ದು ಒಂದು ಪದ ಎರಡಾಗಿ ಒಡೆಯುವ ಸ್ಥಳಗಳೂ ಇದೇ ಪರೀಕ್ಷೆಯಲ್ಲಿ ಬಯಲಾಗುತ್ತವೆ. ಸಂಯೋಜಕರಿಗೆ ಸಾಹಿತ್ಯ ಬಾಯಿಪಾಠವಾಗಿರುವುದರಿಂದ ಈ ದೋಷಗಳು ಅವರ ಕಿವಿಗೆ ಎಂದೂ ಕೇಳಿಸುವುದಿಲ್ಲ. ಇದೇ ಕಾರಣಕ್ಕೆ ರಾಗದ ಹೆಸರನ್ನೂ ಮೊದಲೇ ಹೇಳದಿರುವುದು ಒಳ್ಳೆಯದು. ಹೆಸರು ತಿಳಿದೊಡನೆ ಬಲ್ಲವರು ಆ ರಾಗದ ಪ್ರಸಿದ್ಧ ಕೃತಿಗಳೊಂದಿಗೆ ಹೋಲಿಸತೊಡಗುತ್ತಾರೆ. ಹೆಸರಿಲ್ಲದೆ ಕೇಳಿದವರು ರಾಗವನ್ನು ತಪ್ಪಾಗಿ ಗುರುತಿಸಿದರೆ, ಜೀವಸ್ವರವು, ಅಂದರೆ ರಾಗಕ್ಕೆ ಜೀವ ತುಂಬುವ ಮುಖ್ಯ ಸ್ವರವು, ನೀವು ಎಣಿಸಿದಷ್ಟು ನಿಂತಿಲ್ಲ ಎಂಬ ಅಮೂಲ್ಯ ಮಾಹಿತಿ ದೊರೆಯುತ್ತದೆ. ಉತ್ತರಗಳು ಬಂದ ಮೇಲೆ ರಾಗವನ್ನೂ ಸಾಹಿತ್ಯವನ್ನೂ ಅವರಿಗೆ ತಪ್ಪದೆ ತಿಳಿಸಿ.

ಧ್ವನಿಮುದ್ರಣದ ವಿಷಯದಲ್ಲಿ ಮಲೆನಾಡಿಗೆ ಅದರದೇ ತೊಡಕುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮಾಡಿನ ಕೆಳಗೆ, ಅದಕ್ಕಿಂತಲೂ ತಗಡಿನ ಮಾಡಿನ ಕೆಳಗೆ ಮುದ್ರಿಸುವುದು ಕಷ್ಟ. ಮಳೆ ನಿಂತ ಮೇಲೂ ಜೀರುಂಡೆಗಳ ಸದ್ದು ಸಂಜೆಯಿಂದ ತುಂಬಿಕೊಳ್ಳುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಪಲ್ಪರ್ ಯಂತ್ರದ ಸದ್ದು ಇದಕ್ಕೆ ಸೇರುತ್ತದೆ. ಮನೆಯ ಒಳಕೋಣೆಯಲ್ಲಿ, ಬಟ್ಟೆ ತುಂಬಿದ ಬೀರುವನ್ನು ತೆರೆದಿಟ್ಟು, ಎದುರಿನ ಗೋಡೆಗೆ ದಪ್ಪ ಕಂಬಳಿಯನ್ನು ಇಳಿಬಿಟ್ಟು, ಬೆಳಗಿನ ಜಾವ ಮುದ್ರಿಸುವುದು ಸೂಕ್ತ. ಮೊಬೈಲಿನಲ್ಲೇ ಮುದ್ರಿಸುವುದಾದರೆ ಅದನ್ನು ಬಾಯಿಂದ ಸುಮಾರು ಒಂದು ಮೊಳ ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಇಡಿ. ಬಹುಪಾಲು ಮೊಬೈಲುಗಳು ದನಿಯ ಮಟ್ಟವನ್ನು ತಾವಾಗಿಯೇ ಏರಿಳಿಸುತ್ತವೆ. ಇದರಿಂದ ನೀವು ಉಸಿರಿಗಾಗಿ ನಿಂತ ಕ್ಷಣದಲ್ಲಿ ಶ್ರುತಿಯ ಸದ್ದು ಉಬ್ಬಿ ಮೇಲೆ ಬರುತ್ತದೆ. ಈ ಏರಿಳಿತವನ್ನು ನಿಲ್ಲಿಸುವ ಆಯ್ಕೆ ಇರುವ ಆ್ಯಪ್ ಬಳಸಿ, ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿದಾಗಲೂ ಮಟ್ಟವು ಮೈನಸ್ 6 ಡೆಸಿಬೆಲ್ ದಾಟದಂತೆ ಹೊಂದಿಸಿಕೊಳ್ಳಿ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಿನ್ನೆಲೆಯ ಸದ್ದನ್ನು ತಗ್ಗಿಸುವ ಸೌಲಭ್ಯವಿದೆ. ಹಾಡಿಗೆ ಮೊದಲು ಕೆಲವು ಸೆಕೆಂಡು ಸುಮ್ಮನೆ ಬಿಟ್ಟಿದ್ದರೆ, ಆ ಭಾಗದ ಸದ್ದನ್ನು ಮಾದರಿಯಾಗಿ ತೋರಿಸಿ ಉಳಿದೆಡೆ ಅದನ್ನು ಕಡಿಮೆ ಮಾಡಬಹುದು. ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಇದು ಹೊಂದುತ್ತದೆ, ಏರಿಳಿಯುವ ಮಳೆಗೆ ಹೊಂದುವುದಿಲ್ಲ. ಅತಿಯಾಗಿ ಬಳಸಿದರೆ ತಂಬೂರಿಯ ಜೀವಾಳದಿಂದ (ತಂತಿಯ ಕೆಳಗೆ ಇಡುವ ದಾರದಿಂದ) ಹೊಮ್ಮುವ ಸೂಕ್ಷ್ಮ ನಾದವೂ ಸದ್ದಿನೊಂದಿಗೇ ಅಳಿಸಿಹೋಗುತ್ತದೆ, ಹಾಗಾಗುವುದಕ್ಕಿಂತ ಸ್ವಲ್ಪ ಮಳೆಯ ಸದ್ದು ಉಳಿಯುವುದೇ ಮೇಲು.

ಮೂಲವನ್ನು 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ ಆಗಿ ಉಳಿಸಿಕೊಳ್ಳಿ. ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. ಘಟ್ಟದ ಊರುಗಳಲ್ಲಿ ಇಷ್ಟು ದೊಡ್ಡದನ್ನು ಕಳುಹಿಸುವುದೂ ಇಳಿಸಿಕೊಳ್ಳುವುದೂ ಪ್ರಯಾಸ. ಹಂಚಲು 192 ಕೆಬಿಪಿಎಸ್‌ನ ಎಂಪಿ3 ಸಾಕು, ಅದು ನಿಮಿಷಕ್ಕೆ ಒಂದೂವರೆ ಎಂಬಿಗಿಂತ ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಮುದ್ರಿಸಿ ಕಳುಹಿಸಿದರೆ ದನಿ ಬಹಳ ಕುಗ್ಗಿ ಗಮಕಗಳ ನಯ ಕೆಡುತ್ತದೆ, ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಫೈಲ್ ಇದ್ದಂತೆಯೇ ತಲುಪುತ್ತದೆ. ಕಳುಹಿಸುವ ಮೊದಲು ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಏಕೆಂದರೆ ಹೆಚ್ಚಿನವರು ಕೇಳುವುದು ಹಾಗೆಯೇ. ಅಲ್ಲಿ ಮೃದಂಗದ ಎಡಮುಖದ ನಾದ ಬಹುತೇಕ ಕೇಳಿಸುವುದಿಲ್ಲ. ತಾಳದ ಆಧಾರ ಅದರ ಮೇಲೆಯೇ ನಿಂತಿದ್ದರೆ ಮೆಲುವಾಗಿ ತಾಳದ ಸದ್ದನ್ನೂ ಸೇರಿಸಿ. ದನಿಯನ್ನು ಅತಿಯಾಗಿ ಏರಿಸುವ ಅಗತ್ಯವಿಲ್ಲ, ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ದನಿಯ ಗಟ್ಟಿತನದ ಅಳತೆ) ಆಸುಪಾಸಿಗೆ ತಾನೇ ಅದನ್ನು ಇಳಿಸುತ್ತದೆ.

ಯಾರಿಗೆ ಮೊದಲು ಎಂಬುದನ್ನೂ ಯೋಚಿಸಬೇಕು. ಮೊದಲ ವಾರ ಕೊಂಡಿ ಇದ್ದವರಿಗೆ ಮಾತ್ರ ತೆರೆಯುವಂತೆ, ಯೂಟ್ಯೂಬ್‌ನಲ್ಲಾದರೆ ‘ಅನ್‌ಲಿಸ್ಟೆಡ್’ ಆಯ್ಕೆಯಲ್ಲಿ, ನಾಲ್ಕೈದು ಜನರಿಗಷ್ಟೇ ಕೇಳಿಸಿ. ಅವರಲ್ಲಿ ಒಬ್ಬರು ರಾಗ ಬಲ್ಲವರು, ಒಬ್ಬರು ತಾಳವಾದ್ಯದವರು, ಒಬ್ಬರು ಕನ್ನಡದ ಛಂದಸ್ಸು ಬಲ್ಲವರು, ಉಳಿದವರು ಸಂಗೀತವನ್ನು ಪ್ರೀತಿಯಿಂದ ಕೇಳುವವರು ಆಗಿರಲಿ. ಉತ್ತರಗಳನ್ನು ಒಂದೆಡೆ ಬರೆದಿಟ್ಟುಕೊಂಡು, ಎಲ್ಲವೂ ಬರುವವರೆಗೆ ಯಾವುದನ್ನೂ ತಿದ್ದಬೇಡಿ. ಇಬ್ಬರು ಮೂವರು ಒಂದೇ ಸ್ಥಳವನ್ನು ಬೊಟ್ಟು ಮಾಡಿದರೆ ಅಲ್ಲಿ ತೊಡಕು ಇರುವುದು ನಿಜವೆಂದು ತಿಳಿಯಿರಿ. ಆದರೆ ಅದಕ್ಕೆ ಅವರು ಹೇಳುವ ಪರಿಹಾರಗಳು ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತವೆ, ಅವುಗಳನ್ನು ಹಾಗೆಯೇ ಅಳವಡಿಸುವ ಕಟ್ಟುಪಾಡು ನಿಮಗಿಲ್ಲ. 40ನೆಯ ಸೆಕೆಂಡಿನಲ್ಲಿ ಬೇಸರವಾಯಿತು ಎಂದವರ ಬೇಸರಕ್ಕೆ ಕಾರಣ ಹಲವೊಮ್ಮೆ 25ನೆಯ ಸೆಕೆಂಡಿನಲ್ಲಿ ಅನಗತ್ಯವಾಗಿ ಬಂದ ಸಂಗತಿಯಾಗಿರುತ್ತದೆ. ಅದನ್ನು ಹುಡುಕುವುದು ಸಂಯೋಜಕರ ಕೆಲಸ. ಒಬ್ಬರೇ ಹೇಳಿದ ಮಾತನ್ನು ತಳ್ಳಿಹಾಕದೆ ಬದಿಗಿಟ್ಟು, ಮುಂದಿನ ಕರಡಿನಲ್ಲಿ ಅದನ್ನೇ ಪ್ರಶ್ನೆಯಾಗಿ ಕೇಳಬಹುದು.

ಸಾರ್ವಜನಿಕವಾಗಿ ಏರಿಸುವ ಮೊದಲು ಹಕ್ಕುಗಳ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಹಾಡಿನ ಸಂಗೀತ ಮತ್ತು ಸಾಹಿತ್ಯ ಬೇರೆ ಬೇರೆ ಕೃತಿಗಳು. ನೀವು ಕಟ್ಟಿದ ಸ್ವರದ ಹಕ್ಕು ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ; ಆದರೂ ದಿನಾಂಕ ಸಹಿತವಾದ ಸ್ವರಪ್ರಸ್ತಾರವನ್ನು, ಅಂದರೆ ಹಾಡಿನ ಸ್ವರಲಿಪಿಯನ್ನು, ಬರೆದಿಟ್ಟುಕೊಳ್ಳುವುದು ಕ್ಷೇಮ. ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1994ರಲ್ಲಿ ನಿಧನರಾದರು. ಹೀಗಾಗಿ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ, ಹೊಸ ಧಾಟಿಯನ್ನು ಹಾಕಿ ಪ್ರಕಟಿಸಲು ಹಕ್ಕುದಾರರ ಲಿಖಿತ ಅನುಮತಿ ಬೇಕು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳಿಗೆ, ವಚನಗಳಿಗೆ ಮತ್ತು ದಾಸರ ಪದಗಳಿಗೆ ಈ ತೊಡಕಿಲ್ಲ. ಕರಡು ಮಾತ್ರ, ಇದರಿಂದ ಹಣ ಬರುವುದಿಲ್ಲ ಎಂಬ ಕಾರಣಕ್ಕೆ ಅನುಮತಿಯ ಅಗತ್ಯ ತಪ್ಪುವುದಿಲ್ಲ. ಕರಡನ್ನು ಬೇರೆಯವರು ಹಾಡಿದ್ದರೆ ಅವರಿಗೂ ಪ್ರದರ್ಶಕರ ಹಕ್ಕು ಇರುತ್ತದೆ, ಅವರನ್ನು ಕೇಳದೆ ಏರಿಸಬಾರದು. ವೀರಗಾಸೆಯವರ ಅಥವಾ ಸೋಬಾನೆ ಹೇಳುವ ಹೆಂಗಸರ ಧಾಟಿಯಿಂದ ಪ್ರೇರಣೆ ಪಡೆದಿದ್ದರೆ ಯಾವ ಊರಿನ ಯಾರಿಂದ ಕೇಳಿದ್ದು ಎಂಬುದನ್ನು ಅವರ ಒಪ್ಪಿಗೆ ಪಡೆದು ವಿವರಣೆಯಲ್ಲಿ ಬರೆಯಿರಿ. ಕಾಯಿದೆ ಇದನ್ನು ಕೇಳಲಿ ಬಿಡಲಿ, ಧಾಟಿಯನ್ನು ಉಳಿಸಿಕೊಂಡು ಬಂದವರಿಗೆ ಅದು ಸಲ್ಲಬೇಕು. ಕೃತಿಯನ್ನು ಸ್ಪರ್ಧೆಗೆ ಕಳುಹಿಸುವ ಉದ್ದೇಶವಿದ್ದರೆ, ಮೊದಲೇ ಪ್ರಕಟವಾಗಿರಬಾರದು ಎಂಬ ನಿಯಮ ಇದೆಯೇ ಎಂದು ನೋಡಿಕೊಂಡು ಆಮೇಲೆ ಸಾರ್ವಜನಿಕಗೊಳಿಸಿ.

ತಿದ್ದಿದ ಆವೃತ್ತಿ ಸಿದ್ಧವಾದಾಗ ಯೂಟ್ಯೂಬ್‌ನಲ್ಲಿ ಹಳೆಯ ಕೊಂಡಿಯಡಿಯಲ್ಲೇ ಹೊಸ ಫೈಲನ್ನು ಇಡಲು ಬರುವುದಿಲ್ಲ. ಹೊಸದನ್ನು ಬೇರೆಯಾಗಿ ಏರಿಸಿ, ಹಳೆಯದರ ವಿವರಣೆಯಲ್ಲಿ ಹೊಸದರ ಕೊಂಡಿಯನ್ನು ಕೊಟ್ಟು, ಏನು ಬದಲಾಯಿತು ಎಂದು ಎರಡು ವಾಕ್ಯಗಳಲ್ಲಿ ತಿಳಿಸಿ. ಉತ್ತರ ಬರೆದವರಿಗೆ ಪ್ರತ್ಯೇಕವಾಗಿ ಹೇಳಿಕಳುಹಿಸುವುದೂ ಅಷ್ಟೇ ಮುಖ್ಯ, ಅವರ ಮಾತಿನಿಂದ ಯಾವ ಸಂಗತಿ ಬಿದ್ದುಹೋಯಿತು, ಯಾವುದು ಉಳಿಯಿತು ಎಂದು ತಿಳಿದವರು ಮುಂದಿನ ಕರಡನ್ನು ಇನ್ನಷ್ಟು ಗಮನವಿಟ್ಟು ಕೇಳುತ್ತಾರೆ. ಅಂತಿಮ ರೂಪ ಪ್ರಕಟವಾದ ಮೇಲೆ ಹಳೆಯ ಕರಡುಗಳನ್ನು ಮುಚ್ಚಬಹುದು, ಅಳಿಸಬೇಕಾಗಿಲ್ಲ. ಮುಚ್ಚುವ ಮೊದಲು ಒಂದು ತಿಂಗಳ ಸೂಚನೆ ಕೊಡಿ, ಏಕೆಂದರೆ ಕರಡನ್ನೇ ಕೇಳಿ ಯಾರಾದರೂ ಮಕ್ಕಳಿಗೆ ಪಾಠ ಮಾಡಿಬಿಟ್ಟಿರಬಹುದು. ಅಂಥವರಿಗೆ ಅನುಕೂಲವಾಗುವಂತೆ ಬದಲಾದ ಆವರ್ತನಗಳ ಸ್ವರಪ್ರಸ್ತಾರವನ್ನು, ಹಳೆಯದನ್ನೂ ಹೊಸದನ್ನೂ ಒಂದರ ಕೆಳಗೆ ಒಂದು ಬರೆದು, ಅಂತಿಮ ಆವೃತ್ತಿಯ ಜೊತೆಗೆ ಲಗತ್ತಿಸಿ.