ಬೆಲ್ಟ್ ಹೊಸದು ಹಾಕಿದರೂ ನಿಲ್ಲದ ಕುಯ್ ಸದ್ದು

ಹೋದ ಮಾರ್ಚ್‌ನಲ್ಲಿ ನಮ್ಮ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕುಯ್ಯ್ ಅಂತ ಕೂಗಲು ಶುರು ಮಾಡಿತು. ಅರ್ಧ ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ಒಂದಿನ ಎದುರು ಮನೆಯ ಕಾಕಾ ಗೇಟಿನ ಹತ್ತಿರ ಬಂದು, "ಏನ್ರೀ ಸರ, ನಿಮ್ ಗಾಡಿ ಕೂಗಿದ ಮ್ಯಾಲೇ ನಮ್ ಮನ್ಯಾಗ ಚಾ ಇಡ್ಲತ್ತಾರ" ಅಂದರು. ಅವತ್ತೇ ಗ್ಯಾರೇಜಿಗೆ ಹೋದೆ. ಅವರು ಬಾನೆಟ್ ಎತ್ತಿ, ಎರಡು ನಿಮಿಷ ಕೇಳಿ, ಬೆಲ್ಟ್ ಹೋಗಿದೆ ಅಂದರು. ಹೊಸ ಬೆಲ್ಟ್ ಹಾಕಿಸಿ 1,400 ರೂಪಾಯಿ ಕೊಟ್ಟು ಬಂದೆ. ಮೂರು ವಾರ ಶಾಂತಿ. ಆಮೇಲೆ ಸದ್ದು ವಾಪಸ್ ಬಂತು, ಈ ಸಲ ಕುಯ್ಯ್ ಜೊತೆ ಸಣ್ಣಗೆ ಗರ್‌ರ್ ಅನ್ನುವುದೂ ಸೇರಿಕೊಂಡಿತ್ತು.

ಕಾರು ಹಳೆಯದು, ಸಣ್ಣ ಡೀಸೆಲ್ ಗಾಡಿ, 1 ಲಕ್ಷ 10 ಸಾವಿರ ಕಿಲೋಮೀಟರ್ ಓಡಿದೆ. ನಾನು ಮಿಸ್ತ್ರಿ ಅಲ್ಲ, ಆದರೆ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ನಾನೇ ಬದಲಿಸಿಕೊಳ್ಳುತ್ತೇನೆ. ಕೆಲಸಕ್ಕೆ ದಿನಾ ಕಲಬುರಗಿಯಿಂದ ಮಳಖೇಡದ ಕಡೆ ಓಡಾಟ. ಆ ಸೇಡಂ ರಸ್ತೆ ಗೊತ್ತಲ್ವಾ, ಸಿಮೆಂಟ್ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಮನೆ ಮುಟ್ಟುವಷ್ಟರಲ್ಲಿ ಕಾರಿನ ಬಣ್ಣ ಯಾವುದು ಅಂತ ಮರೆತುಹೋಗುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ವಾಟರ್ ಸರ್ವಿಸ್‌ಗೆ ಬಿಟ್ಟು, ಬಾನೆಟ್ ಎತ್ತಿಸಿ ಎಂಜಿನ್ನಿಗೂ ಜೋರಾಗಿ ನೀರು ಹೊಡೆಸುತ್ತಿದ್ದೆ. ಅದು ನನ್ನದೇ ತಪ್ಪು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಅನ್ನುತ್ತೇವೆ, ಆದರೆ ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಫ್ಯಾನ್ ತಿರುಗಿಸುವುದೇ ಇಲ್ಲ. ನನ್ನ ಗಾಡಿಯಲ್ಲಿ ಎಂಜಿನ್ನೇ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ (ಪುಲ್ಲಿ ಅಂದರೆ ಬೆಲ್ಟ್ ಓಡುವ ಗಾಲಿ) ಹೊರಟ ಒಂದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಎಂಜಿನ್ ತಂಪಿಡುವ ವಾಟರ್ ಪಂಪ್ ಮೂರನ್ನೂ ಓಡಿಸುತ್ತದೆ. ನಡುವೆ ಬಿಗಿ ಹಿಡಿಯಲು ಸ್ಪ್ರಿಂಗ್ ಇರುವ ಟೆನ್ಶನರ್ ಪುಲ್ಲಿ, ದಾರಿ ತಿರುಗಿಸಲು ಒಂದು ಐಡ್ಲರ್ ಪುಲ್ಲಿ. ಐಡ್ಲರ್ ಯಾವ ಯಂತ್ರವನ್ನೂ ಓಡಿಸುವುದಿಲ್ಲ, ಸುಮ್ನೆ ತಿರುಗುತ್ತದೆ ಅಷ್ಟೇ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ನೀರಿನ ಪರೀಕ್ಷೆ ಮಾಡಿದೆ. ಎಂಜಿನ್ ಓಡುವಾಗ ಬೆಲ್ಟಿನ ಗೆರೆ ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಬೆಲ್ಟ್ ಸವೆದಿದೆ, ಇಲ್ಲವೇ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಜಾಸ್ತಿ ಆದರೆ ಬೆಲ್ಟ್ ಸಡಿಲ, ಜಾರುತ್ತಿದೆ. ನನ್ನದರಲ್ಲಿ ಕುಯ್ಯ್ ಸ್ವಲ್ಪ ಕಡಿಮೆಯಾಯಿತು, ಗರ್‌ರ್ ಮಾತ್ರ ಹಾಗೇ ಇತ್ತು. ನೀರಿಗೆ ಬಗ್ಗದ ಸದ್ದು ಅಂದರೆ ಬೇರಿಂಗ್ (ಪುಲ್ಲಿ ನುಣ್ಣಗೆ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಕಡೆ ನೋಡಬೇಕು.

ನಮ್ಮ ಓಣಿಯ ಹಳೆ ಮಿಸ್ತ್ರಿ ಚಾಚಾ ಒಬ್ಬರು ಉದ್ದ ಪೇಚ್‌ಕಸ್‌ನ (ಸ್ಕ್ರೂಡ್ರೈವರ್) ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವುದನ್ನು ಚಿಕ್ಕವನಿದ್ದಾಗಿನಿಂದ ನೋಡಿದ್ದೆ. ನಾನೂ ಅದನ್ನೇ ಮಾಡಿದೆ. ಆಲ್ಟರ್ನೇಟರ್ ಮೈಗೆ ಇಟ್ಟರೆ ಬರೀ ಗುಂಯ್, ಕಂಪ್ರೆಸರ್‌ಗೂ ಅಷ್ಟೇ. ಐಡ್ಲರ್‌ನ ನಡುವಿನ ಬೋಲ್ಟಿಗೆ ಇಟ್ಟಾಗ ಕಿವಿಯೊಳಗೆ ಜೋಳ ಬೀಸಿದಂತಾಯಿತು. ಹೀಗೆ ಮಾಡುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ, ತೋಳು ಮೇಲಕ್ಕೆ ಸುತ್ತಿಕೊಳ್ಳಿ. ಓಡುವ ಬೆಲ್ಟಿಗೆ ಟವೆಲ್ ಯಾವುದು ಕೈ ಯಾವುದು ಗೊತ್ತಾಗುವುದಿಲ್ಲ.

ಆದರೆ ಸದ್ದು ಲೋಹದ ಮೂಲಕ ಎಲ್ಲೆಲ್ಲೋ ಹರಿಯುತ್ತದೆ, ಕಿವಿಯೊಂದನ್ನೇ ನಂಬಬಾರದು. ಬೆಲ್ಟ್ ತೆಗೆದು ನೋಡಿದರೇ ಖಾತ್ರಿ. ಅದಕ್ಕೆ ಭಾನುವಾರ ಬೆಳಿಗ್ಗೆ ಆರಕ್ಕೇ ಕೂತೆ. ಏಪ್ರಿಲ್‌ನಲ್ಲಿ ಹತ್ತು ಗಂಟೆಯ ಮೇಲೆ ನಮ್ಮಲ್ಲಿ ಪಾನಾ (ಸ್ಪ್ಯಾನರ್) ಮುಟ್ಟಿದರೆ ಕೈ ಸುಡುತ್ತದೆ.

ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಬಲಗಡೆ ಮುಂದಿನ ಚಕ್ರ ಎತ್ತಿದೆ. ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಜಾಕ್ ಎತ್ತುತ್ತಿದ್ದಂತೆ ಒಂದು ಹಾಸು ಚಟ್ ಅಂತ ಸೀಳಿತು, ಎದೆ ಝಲ್ ಅಂದಿತು. ಆಮೇಲೆ ದಪ್ಪ ಮರದ ಹಲಗೆ ಇಟ್ಟು ಅದರ ಮೇಲೆ ಜಾಕ್, ಪಕ್ಕಕ್ಕೆ ಸ್ಟ್ಯಾಂಡ್ ಇಟ್ಟೆ. ಕೆಲವರು ಸ್ಟ್ಯಾಂಡ್ ಬದಲು ಅದೇ ಕಲ್ಲನ್ನು ಒಂದರ ಮೇಲೊಂದು ಪೇರಿಸುತ್ತಾರೆ, ದಯವಿಟ್ಟು ಬೇಡ. ಶಹಾಬಾದ್ ಕಲ್ಲು ನಡೆದಾಡಲಿಕ್ಕೆ ಚಲೋ, ಕಾರು ಹೊರಲಿಕ್ಕೆ ಅಲ್ಲ.

ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಗುರಾಣಿ ಸರಿಸಿದರೆ ಬೆಲ್ಟ್ ಪೂರ್ತಿ ಕಾಣುತ್ತದೆ. ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದೆ. ಬೆಲ್ಟ್ ಯಾವುದರ ಮೇಲೆ ಹೋಗಿ ಯಾವುದರ ಕೆಳಗೆ ಬರುತ್ತದೆ ಅನ್ನುವುದು ಬಿಚ್ಚಿದ ಹತ್ತೇ ನಿಮಿಷಕ್ಕೆ ಮರೆಯುತ್ತದೆ. ಟೆನ್ಶನರ್ ತೋಳನ್ನು ಉದ್ದ ಪಾನಾದಿಂದ ತಿರುಗಿಸಿ ಹಿಡಿದರೆ ಬೆಲ್ಟ್ ಸಡಿಲಾಗುತ್ತದೆ, ಎಳೆದು ತೆಗೆಯಬಹುದು.

ಬ್ಯಾಟರಿ ವೈರ್ ಮತ್ತೆ ಹಚ್ಚಿ, ಬೆಲ್ಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿ 15 ಸೆಕೆಂಡ್ ಬಿಟ್ಟೆ. ಡೀಸೆಲ್ ಸದ್ದು ಬಿಟ್ಟರೆ ಏನೂ ಇಲ್ಲ! ಅಂದರೆ ತೊಂದರೆ ಎಂಜಿನ್ ಒಳಗಲ್ಲ, ಬೆಲ್ಟಿನ ದಾರಿಯಲ್ಲೇ ಇದೆ. ಜಾಸ್ತಿ ಹೊತ್ತು ಓಡಿಸಬಾರದು, ವಾಟರ್ ಪಂಪ್ ನಿಂತಿರುತ್ತದೆ. ಬ್ಯಾಟರಿ ದೀಪ ಹತ್ತುತ್ತದೆ, ಅದಕ್ಕೆ ಹೆದರಬೇಡಿ.

ಎಂಜಿನ್ ಆರಿಸಿ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿದೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ನಮ್ಮ ತಂಗಿಯ ಮಗ ಐಡ್ಲರ್‌ಗೆ ಒಂದು ಏಟು ಹೊಡೆದ, ಅದು ಬುಗುರಿ ಹಾಗೆ ತಿರುಗಿತು. "ಮಾಮಾ, ಇದು ಎಷ್ಟ್ ಛಂದ ತಿರಗ್ಲತ್ತದ ನೋಡು, ಇದು ಚಲೋ ಅದ" ಅಂದ. ತಿರುಗಿದ್ದೇ ಅದರ ರೋಗ. ಒಳಗೆ ಗ್ರೀಸ್ ಸರಿಯಾಗಿದ್ದರೆ ಪುಲ್ಲಿ ಸ್ವಲ್ಪ ಭಾರವಾಗಿ, ಸದ್ದಿಲ್ಲದೆ ಒಂದೆರಡು ಸುತ್ತು ಹೋಗಿ ನಿಲ್ಲಬೇಕು. ಗ್ರೀಸ್ ಒಣಗಿದ್ದು ಮಾತ್ರ ಹೀಗೆ ಹಗುರವಾಗಿ ಖರ್‌ರ್ ಅಂತ ಸುತ್ತುತ್ತದೆ. ಎರಡು ಬೆರಳಲ್ಲಿ ಅಂಚು ಹಿಡಿದು ಅಲುಗಾಡಿಸಿದೆ, ಟಕ್ ಟಕ್ ಅಂತ ಆಟ ಇತ್ತು. ಒಳ್ಳೆಯದರಲ್ಲಿ ಕೈಗೆ ತಿಳಿಯುವಷ್ಟು ಆಟ ಇರಬಾರದು. ಟೆನ್ಶನರ್ ಪುಲ್ಲಿ ಅಷ್ಟು ಕೆಟ್ಟಿರಲಿಲ್ಲ, ಆದರೂ ಸಣ್ಣಗೆ ಸದ್ದಿತ್ತು.

ಎಸಿ ಕಂಪ್ರೆಸರ್ ಬಗ್ಗೆ ಒಂದು ಮಾತು. ಎಸಿ ಬಂದ್ ಮಾಡಿದರೂ ಸದ್ದು ಇದೆ, ಹಾಗಾಗಿ ಕಂಪ್ರೆಸರ್ ಅಲ್ಲ ಅಂತ ಕೆಲವರು ಹೇಳುತ್ತಾರೆ. ನನ್ನ ಗಾಡಿಯಲ್ಲಿರುವಂಥ ಕ್ಲಚ್ ಇರುವ ಕಂಪ್ರೆಸರ್‌ನಲ್ಲಿ ಎಸಿ ಬಂದ್ ಇದ್ದರೂ ಹೊರಗಿನ ಪುಲ್ಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ, ಅದಕ್ಕೂ ತನ್ನದೇ ಬೇರಿಂಗ್ ಇದೆ. ಅದನ್ನೂ ಕೈಯಿಂದಲೇ ನೋಡಬೇಕು.

ಐಡ್ಲರ್ ಬಿಚ್ಚಿದ ಮೇಲೆ ನನ್ನ ಜಿಪುಣತನ ಎದ್ದಿತು. ಬೇರಿಂಗ್ ಮೇಲೆ 6203 ಅಂತ ಇತ್ತು. ಒಳ ರಂಧ್ರ 17, ಹೊರ ಅಳತೆ 40, ದಪ್ಪ 12 ಮಿಲಿಮೀಟರ್, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ. ಇಡೀ ಪುಲ್ಲಿ ಯಾಕೆ, ಬೇರಿಂಗ್ ಒಂದೇ ಹಾಕೋಣ ಅಂತ ಗೋಟಿ (ಬೋಲ್ಟ್ ತಿರುಗಿಸುವ ಸಾಕೆಟ್) ಇಟ್ಟು ಸುತ್ತಿಗೆಯಿಂದ ಬಡಿದೆ. ಪುಲ್ಲಿ ಪ್ಲಾಸ್ಟಿಕ್‌ದು, ಬೇರಿಂಗ್ ಸುತ್ತಲೇ ಎರಕ ಹೊಯ್ದದ್ದು. ನಾಲ್ಕನೇ ಏಟಿಗೆ ಅಂಚು ಬಿರುಕು ಬಿಟ್ಟಿತು. ಕಬ್ಬಿಣದ ಪುಲ್ಲಿಯಲ್ಲಿ ಲಾಕ್ ರಿಂಗ್ ಇದ್ದರೆ ಬೇರಿಂಗ್ ಬದಲಿಸುವುದು ಸರಿ, ಪ್ಲಾಸ್ಟಿಕ್‌ನಲ್ಲಿ ಆ ಗೋಜಿಗೆ ಹೋಗಬೇಡಿ.

ಒಡೆದ ಪುಲ್ಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಮಾರನೇ ದಿನ ಅಂಗಡಿಗೆ ಹೋದೆ. ಕಾರಿನ ಹೆಸರು ಹೇಳಿ ತರುವುದಕ್ಕಿಂತ ಹಳೆಯದನ್ನು ಪಕ್ಕಕ್ಕಿಟ್ಟು ಅಗಲ, ಎತ್ತರ, ಬೋಲ್ಟ್ ರಂಧ್ರ ಹೋಲಿಸಿ ತರುವುದು ಒಳ್ಳೆಯದು. ಐಡ್ಲರ್ 650 ರೂಪಾಯಿ. ಟೆನ್ಶನರ್ ಕೂಡ ಪೂರ್ತಿ ಸೆಟ್ ತಂದೆ, ಮತ್ತೆ ಆರು ತಿಂಗಳಿಗೆ ಚಕ್ರ ಬಿಚ್ಚುವ ತಾಳ್ಮೆ ನನಗಿಲ್ಲ. ಬೆಲ್ಟ್ ಗ್ಯಾರೇಜಿನವರು ಹಾಕಿದ್ದೇ ಇರಲಿ ಅಂತ ಬಿಟ್ಟೆ, ಅದರ ಮೇಲಿನ 6ಪಿಕೆ ಹಳೆಯದಕ್ಕೆ ಸರಿಯಾಗಿತ್ತು. 6 ಅಂದರೆ ಗೆರೆಗಳ ಲೆಕ್ಕ, ಪಿಕೆ ಆದಮೇಲೆ ಬರುವುದು ಮಿಲಿಮೀಟರಿನಲ್ಲಿ ಉದ್ದ.

ಹಾಕುವುದು ಸುಲಭ. ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ, ಬಿಗಿ ಅಳೆಯುವ ಟಾರ್ಕ್ ಪಾನಾದಿಂದ ಬಿಗಿ ಮಾಡಿದೆ, ಪಾನಾ ಗೆಳೆಯನಿಂದ ಕೇಳಿ ತಂದದ್ದು. ಕೆಲವು ಗಾಡಿಗಳಲ್ಲಿ ಟೆನ್ಶನರ್ ಪುಲ್ಲಿಯ ಬೋಲ್ಟ್ ಉಲ್ಟಾ ಥ್ರೆಡ್ (ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು) ಇರುತ್ತದೆ, ಬಿಚ್ಚಲು ಬರದಿದ್ದರೆ ಟಾಮಿ (ಉದ್ದ ಸರಳು) ಹಾಕಿ ಜೋರು ಮಾಡುವ ಮೊದಲು ಅದನ್ನು ನೋಡಿಕೊಳ್ಳಿ.

ಬೆಲ್ಟ್ ಹಾಕಿ, ಕ್ರ್ಯಾಂಕ್ ಬೋಲ್ಟಿಗೆ ಗೋಟಿ ಕೊಟ್ಟು ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಸುತ್ತು ಕೈಯಿಂದ ತಿರುಗಿಸಿದೆ. ಪುಣ್ಯಕ್ಕೆ ತಿರುಗಿಸಿದೆ. ಕ್ರ್ಯಾಂಕ್ ಪುಲ್ಲಿಯ ಮೇಲೆ ಬೆಲ್ಟ್ ಒಂದು ಗೆರೆ ಆಚೆ ಕೂತಿತ್ತು, ಹಾಗೇ ಸ್ಟಾರ್ಟ್ ಮಾಡಿದ್ದರೆ ಅಂಚು ಹರಿದುಕೊಂಡು ಹೋಗುತ್ತಿತ್ತು. ಮತ್ತೆ ಸಡಿಲಿಸಿ ಸರಿಯಾಗಿ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಸದ್ದಿಲ್ಲ, ಎಸಿ ಹಾಕಿದೆ, ಆಗಲೂ ಇಲ್ಲ.

ಆ ಒಡೆದ ಪುಲ್ಲಿಯ ಬೇರಿಂಗಿನ ರಬ್ಬರ್ ಸೀಲನ್ನು ಸೂಜಿಯಿಂದ ಎತ್ತಿ ನೋಡಿದೆ. ಗ್ರೀಸ್ ಇರಬೇಕಾದಲ್ಲಿ ತುಕ್ಕು ಹಿಡಿದ ಕಂದು ಪುಡಿ. ತಿಂಗಳು ತಿಂಗಳು ಜೋರಾಗಿ ಹೊಡೆಸಿದ ನೀರು ಸೀಲ್ ದಾಟಿ ಒಳಗೆ ಹೋಗಿ, ಇದ್ದ ಗ್ರೀಸ್ ತೊಳೆದಿತ್ತು ಅನ್ನುವುದು ನನ್ನ ಲೆಕ್ಕ. ಈಗ ಎಂಜಿನ್ನಿಗೆ ಒದ್ದೆ ಬಟ್ಟೆ ಮಾತ್ರ. ಆಮೇಲೆ 6,000 ಕಿಲೋಮೀಟರ್ ಓಡಿದೆ. ಮಳೆ ಬಂದ ದಿನ ಬೆಳಿಗ್ಗೆ ಒಂದೆರಡು ಸೆಕೆಂಡ್ ಚಿಂಯ್ ಅನ್ನುತ್ತದೆ, ಬೆಲ್ಟ್ ಒದ್ದೆಯಾಗಿರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ಎದುರು ಮನೆಯ ಕಾಕಾ ಮಾತ್ರ ಚಾ ತಡವಾಗುತ್ತಿದೆ ಅಂತ ಇನ್ನೂ ನನ್ನ ಮೇಲೇ ಹಾಕುತ್ತಾರೆ.