ಲಾಭ ಎಷ್ಟು ಅಂತ ಕೇಳೋದು ಹೇಗೆ?

ನನ್ನ ಮೊದಲ ಪ್ರಶ್ನಾವಳಿ 11 ಪುಟ ಇತ್ತು. ಬೆಳೆಯುತ್ತಿರುವ ದೇಶಗಳಲ್ಲಿ ಕೆಲವು ಸಣ್ಣ ವ್ಯಾಪಾರಗಳು ಯಾಕೆ ಮುಂದೆ ಬರುತ್ತವೆ, ಹೆಚ್ಚಿನವು ಯಾಕೆ ಇದ್ದಲ್ಲೇ ಇರುತ್ತವೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಬೆಳವಣಿಗೆ ಅಳೆಯಬೇಕಾದರೆ ಲಾಭ ಗೊತ್ತಾಗಬೇಕು. ಲಾಭ ಅಂದರೆ ಬಂದ ಹಣದಲ್ಲಿ ಖರ್ಚು ಕಳೆದದ್ದು, ಅಲ್ವಾ? ಅದಕ್ಕೇ ಮಾರಾಟಕ್ಕೆ ಮೂರು ಪುಟ, ಖರ್ಚಿಗೆ ಐದು ಪುಟ ಇಟ್ಟಿದ್ದೆ. ನೋಡೋಕೆ ಭಾರೀ ಶಿಸ್ತಾಗಿತ್ತು.

ಎರಡನೇ ದಿನವೇ ಒಬ್ಬ ಟೈಲರ್ ಅದರ ಗಾಳಿ ತೆಗೆದರು. ಒಂದು ಗಂಟೆ ಕೂತು ಎಲ್ಲಕ್ಕೂ ಉತ್ತರ ಕೊಟ್ಟರು. ನಾನು ಅಲ್ಲೇ ಕೂಡಿ ಕಳೆದು ನೋಡಿದರೆ ತಿಂಗಳಿಗೆ ನಷ್ಟ! ಹೇಳಲೋ ಬೇಡವೋ ಅಂತ ಹೇಳಿದೆ. ಅವರು ಮಿಷನ್ ತುಳಿಯೋದು ನಿಲ್ಲಿಸಿ ನಕ್ಕರು. "ನಷ್ಟ ಆಗಿದ್ರೆ ನಾನು ಇಷ್ಟು ವರ್ಷ ಇಲ್ಲಿ ಕೂತಿರ್ತಿದ್ನಾ ಸರ್?"

ಅವರು ಸುಳ್ಳು ಹೇಳಿರಲಿಲ್ಲ. ಲೈನಿಂಗ್ ಬಟ್ಟೆ, ದಾರ, ಗುಂಡಿ ಎಲ್ಲ ಆ ತಿಂಗಳು ಒಟ್ಟಿಗೆ ತಂದಿದ್ದರು. ಅದು ನಾಲ್ಕು ತಿಂಗಳಿಗೆ ಆಗುವಷ್ಟು ಸರಕು. ನಾನು ಅಷ್ಟನ್ನೂ ಒಂದೇ ತಿಂಗಳ ಖರ್ಚಿಗೆ ಹಾಕಿದ್ದೆ. ಹೊಲಿದು ಕೊಟ್ಟ ಬಟ್ಟೆಗಳ ಉದ್ರಿ ಇನ್ನೂ ಬಂದಿರಲಿಲ್ಲ. ಮಗಳ ಫೀಸನ್ನು ಗಲ್ಲಾದಿಂದಲೇ ತೆಗೆದು ಕಟ್ಟಿದ್ದರು. ನಾನು ಖರ್ಚು ಕೇಳಿದಾಗ ಅದನ್ನೂ ಸೇರಿಸಿ ಹೇಳಿದ್ದರು. ಗಲ್ಲಾದಿಂದ ಹೋದದ್ದೆಲ್ಲ ಅವರ ಲೆಕ್ಕದಲ್ಲಿ ಖರ್ಚೇ. ತಪ್ಪಿದ್ದು ನನ್ನ ಪ್ರಶ್ನೆ.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಹಳೇ ಗೋಳು. ಸುರೇಶ್ ಡಿ ಮೆಲ್, ಡೇವಿಡ್ ಮೆಕೆಂಜಿ, ಕ್ರಿಸ್ಟೋಫರ್ ವುಡ್ರಫ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಸೇರಿ ಶ್ರೀಲಂಕಾದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. 2009ರಲ್ಲಿ ಬಂದ ಪ್ರಬಂಧ ಅದು. ಕೆಲವರಿಗೆ ಲೆಕ್ಕದ ಪುಸ್ತಕ ಕೊಟ್ಟು ಬರೆಸಿದರು. ಸಹಾಯಕರನ್ನು ಕಳಿಸಿ, ಒಂದು ತಿಂಗಳಲ್ಲಿ 15–16 ಸಲ ಹೇಳದೇ ಕೇಳದೇ ಅಂಗಡಿ ಗಮನಿಸಿದರು. ಮಾರಾಟವನ್ನು ಜನ ಸುಮಾರು 30% ಕಡಿಮೆ ಹೇಳುತ್ತಾರೆ ಅಂತ ಕಂಡುಬಂತು. ಮಾರಾಟ, ಖರ್ಚು ಬಿಡಿಬಿಡಿಯಾಗಿ ಕೇಳಿ ಕಳೆಯೋದಕ್ಕಿಂತ "ಲಾಭ ಎಷ್ಟು?" ಅಂತ ನೇರವಾಗಿ ಕೇಳಿದರೇ ಉತ್ತರ ನಿಜಕ್ಕೆ ಹತ್ತಿರ ಇರುತ್ತೆ ಅಂತ ತೀರ್ಮಾನಕ್ಕೆ ಬಂದರು. ನನ್ನ ಎಂಟು ಪುಟ ದಂಡ.

ಈಗ ನಾನು ಹೀಗೆ ಕೇಳುತ್ತೇನೆ: "ಹೋದ ತಿಂಗಳು ಸಾಮಾನಿಗೆ, ಕೆಲಸದವರ ಸಂಬಳಕ್ಕೆ, ಬಾಡಿಗೆ, ಕರೆಂಟಿಗೆ ಎಲ್ಲ ಕೊಟ್ಟ ಮೇಲೆ, ಮನೆಗೆ ಅಂತ ತೆಗೆಯೋ ಮೊದಲು, ನಿಮ್ಮದು ಅಂತ ಎಷ್ಟು ಉಳಿಯಿತು?" ಕೇಳಿ ಸುಮ್ನೆ ಕೂರುತ್ತೇನೆ. ಈ ಸುಮ್ನೆ ಕೂರೋದು ಕಲಿಯೋಕೆ ನನಗೆ ಜಾಸ್ತಿ ದಿನ ಬೇಕಾಯಿತು. ಅವರು ಮನಸ್ಸಿನಲ್ಲೇ ಲೆಕ್ಕ ಹಾಕುವಾಗ ನಾವು ಅಂದಾಜು ಅಂಕಿ ಹೇಳಿಬಿಟ್ಟರೆ ಮುಗೀತು, ಅದಕ್ಕೇ ಹೂಂ ಅನ್ನುತ್ತಾರೆ.

ಒಂದೇ ಸಲ ಕೇಳಿದರೂ ಸಾಲದು. ಸಣ್ಣ ವ್ಯಾಪಾರದ ಲಾಭ ತಿಂಗಳಿಂದ ತಿಂಗಳಿಗೆ ಕುಣಿಯುತ್ತೆ. ಮೊದಲೊಂದು ಸಲ, ಕೊನೆಗೊಂದು ಸಲ ಅಳೆದು ಬೆಳೆದಿದೆ, ಬೆಳೆದಿಲ್ಲ ಅಂದರೆ ಆ ಕುಣಿತವನ್ನೇ ಬೆಳವಣಿಗೆ ಅಂದುಕೊಳ್ಳೋ ಅಪಾಯ ಇದೆ. ಹೆಚ್ಚು ಅಂಗಡಿಗೆ ಹೋಗುವ ಬದಲು ಅದೇ ಅಂಗಡಿಗಳಿಗೆ ಹೆಚ್ಚು ಸಲ ಹೋದೆ. ನಾಲ್ಕನೇ ಸಲಕ್ಕೆ ಕೆಲವರು ನನ್ನನ್ನು ನೋಡಿದ ಕೂಡಲೇ ಅಂಕಿ ಹೇಳಿ ಕಳಿಸುತ್ತಿದ್ದರು!

ಇನ್ನೊಂದು ಕಡೆಯೂ ಎಡವಿದೆ. ಹೆಂಗಸರು ನಡೆಸುವ ಅಂಗಡಿಗಳಲ್ಲಿ ಬಂಡವಾಳ ಬಂದರೂ ಲಾಭ ಏರುತ್ತಿರಲಿಲ್ಲ. "ಹೆಂಗಸರ ವ್ಯಾಪಾರಕ್ಕೆ ಬೆಳೆಯೋ ಶಕ್ತಿ ಕಡಿಮೆ" ಅಂತ ಒಂದು ಸಾಲು ಬರೆದೂ ಇದ್ದೆ. ಈಗ ನೆನೆದರೆ ನಾಚಿಕೆಯಾಗುತ್ತೆ. ಭಾರತ, ಶ್ರೀಲಂಕಾ, ಘಾನಾದ ದತ್ತಾಂಶ ಇಟ್ಟುಕೊಂಡು 2019ರಲ್ಲಿ ಬಂದ ಒಂದು ಅಧ್ಯಯನ ಕಣ್ಣು ತೆರೆಸಿತು. ಹೆಂಡತಿ ಹೆಸರಿಗೆ ಬಂದ ಹಣ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಅವಳೊಬ್ಬಳದೇ ವ್ಯಾಪಾರ ಇದ್ದರೆ ಲಾಭ ಚೆನ್ನಾಗಿಯೇ ಏರುತ್ತಿತ್ತು. ಆ ಸಾಲು ಹೊಡೆದುಹಾಕಿದೆ. "ಮನೆಯಲ್ಲಿ ಬೇರೆ ಯಾರಾದರೂ ವ್ಯಾಪಾರ ಮಾಡ್ತಾರಾ?" ಅನ್ನೋ ಪ್ರಶ್ನೆ ಸೇರಿಸಿ ಎಲ್ಲರ ಹತ್ತಿರ ಮತ್ತೆ ಹೋದೆ.

ಹೋದರೆ ಕೆಲವು ಅಂಗಡಿಗಳೇ ಇರಲಿಲ್ಲ. ಬಾಗಿಲು ಹಾಕಿದ್ದಕ್ಕೆಲ್ಲ ದತ್ತಾಂಶದಲ್ಲಿ "ವಿಫಲ" ಅಂತ ಒಂದೇ ಕೋಡ್, ಅಂದರೆ ವಿಂಗಡಿಸೋ ಗುರುತು, ಕೊಟ್ಟು ಮುಂದೆ ಹೋಗೋಣ ಅನಿಸಿತ್ತು, ಸುಲಭ ಅದು. ಆದರೆ ಇವು ಒಂದೆರಡಲ್ಲ. 12 ದೇಶಗಳ 14,000ಕ್ಕೂ ಜಾಸ್ತಿ ಸಣ್ಣ ವ್ಯಾಪಾರಗಳನ್ನು ನೋಡಿದ ಮೆಕೆಂಜಿ ತಂಡದ ಲೆಕ್ಕದಲ್ಲಿ, ಮೊದಲ ಐದು ವರ್ಷ ಪ್ರತಿ ವರ್ಷವೂ ಸರಾಸರಿ 8.3% ಮುಚ್ಚುತ್ತವೆ. ಇವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆದರೆ ಎಲ್ಲರೂ ಬೆಳೆದ ಹಾಗೇ ಕಾಣುತ್ತೆ.

ಅಕ್ಕಪಕ್ಕದವರನ್ನು ಕೇಳಿ, ಹಳೇ ಫೋನ್ ನಂಬರ್ ಹಿಡಿದು ಒಬ್ಬೊಬ್ಬರನ್ನೇ ಹುಡುಕಿದೆ. ಒಬ್ಬರಿಗೆ ಸಾಲ ಮೈಮೇಲೆ ಬಂದಿತ್ತು. ಇನ್ನೊಬ್ಬರು ತಾಯಿಯನ್ನು ನೋಡಿಕೊಳ್ಳೋಕೆ ನಿಲ್ಲಿಸಿದ್ದರು. ಫ್ಯಾನ್ಸಿ ಸಾಮಾನು ಮಾರುತ್ತಿದ್ದ ಒಬ್ಬಾಕೆ ಫೋನ್ ಎತ್ತಿದಾಗ, ನಾನು ತುಸು ಮೆತ್ತಗಿನ ದನಿಯಲ್ಲಿ, "ಅಂಗಡಿ ಮುಚ್ಚಿಹೋಯ್ತಂತೆ" ಅಂದೆ.

"ಮುಚ್ಚಿಹೋಗಿದ್ದಲ್ಲ ಸರ್, ನಾನೇ ಬಿಟ್ಟಿದ್ದು. ಸಂಬಳದ ಕೆಲಸ ಸಿಕ್ತು. ಅಂಗಡಿಗಿಂತ ಜಾಸ್ತಿ ಬರುತ್ತೆ."

ಆ ರಾತ್ರಿ ಕೂತು "ವಿಫಲ" ಅನ್ನೋ ಒಂದು ಕೋಡನ್ನು ಐದು ಮಾಡಿದೆ.