ಒಂಟಾರಿಯೊ ಹೈಸ್ಕೂಲಿನ ಅಪ್ಲೈಡ್ ಕೋರ್ಸ್: ಕಾಲೇಜಿಗೆ, ಯೂನಿವರ್ಸಿಟಿಗೆ ಹೇಗೆ ಲೆಕ್ಕಕ್ಕೆ ಬರುತ್ತದೆ

ಕೆನಡಾದ ಒಂಟಾರಿಯೊದಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಮುಂದಿನ ವರ್ಷದ ಕೋರ್ಸ್ ಆರಿಸುವುದು ಚಳಿಗಾಲದಲ್ಲಿ. ಹತ್ತನೇ ತರಗತಿಯ ಮುಖ್ಯ ವಿಷಯಗಳಲ್ಲಿ ಸಿದ್ಧಾಂತಕ್ಕೆ ಒತ್ತು ಕೊಡುವ ಅಕಾಡೆಮಿಕ್, ಪ್ರಾಯೋಗಿಕ ಕಲಿಕೆಗೆ ಒತ್ತು ಕೊಡುವ ಅಪ್ಲೈಡ್ ಎಂಬ ಎರಡು ಬಗೆಯ ಕೋರ್ಸ್ ಇರುತ್ತವೆ. ಆಗ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. "ಅಪ್ಲೈಡ್ ತಗೊಂಡ್ರೆ ಯೂನಿವರ್ಸಿಟಿ ಆಸೆ ಬಿಟ್ಟ ಹಾಗೆ" ಅನ್ನುವುದು ಒಂದು. "ಹತ್ತನೇ ಕ್ಲಾಸಿನ ಮಾರ್ಕ್ಸ್ ಯಾರೂ ನೋಡಲ್ಲ, ಸುಲಭದ್ದು ತಗೊಳ್ಳಲಿ" ಅನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಅಪ್ಲೈಡ್ ಕೋರ್ಸಿನ ಅಂಕ ಪ್ರವೇಶದ ಸರಾಸರಿಗೆ ಸೇರುವುದಿಲ್ಲ, ನಿಜ. ಆದರೆ ಹನ್ನೊಂದರಲ್ಲಿ ಯಾವ ಕೋರ್ಸಿಗೆ ಕೂರಬಹುದು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಿ. ಕರ್ನಾಟಕದಲ್ಲಿ ಕಾಲೇಜು ಎಂದರೆ ಪಿಯುಸಿ ಅಥವಾ ಡಿಗ್ರಿ. ಒಂಟಾರಿಯೊದಲ್ಲಿ ಕಾಲೇಜು ಎಂದರೆ ಮುಖ್ಯವಾಗಿ ಡಿಪ್ಲೊಮಾ, ಸರ್ಟಿಫಿಕೇಟ್ ಕೊಡುವ ಸಂಸ್ಥೆ. ಸರ್ಕಾರಿ ಕಾಲೇಜುಗಳು 24 ಇವೆ. ಯೂನಿವರ್ಸಿಟಿ ಬೇರೆ, ಅದರ ಅರ್ಜಿ ಬೇರೆ, ಅದು ಕೇಳುವ ಕೋರ್ಸೂ ಬೇರೆ.

ಕೋರ್ಸ್ ಕೋಡ್ ಓದುವುದು

ಪ್ರತಿ ಕೋರ್ಸಿಗೂ ಐದು ಅಕ್ಷರದ ಕೋಡ್ ಇರುತ್ತದೆ. ಮೊದಲ ಮೂರು ವಿಷಯ ಹೇಳುತ್ತವೆ. ನಾಲ್ಕನೆಯದು ತರಗತಿ: 1 ಎಂದರೆ ಒಂಬತ್ತು, 4 ಎಂದರೆ ಹನ್ನೆರಡು. ಕಣ್ಣಿಡಬೇಕಾದದ್ದು ಐದನೆಯದರ ಮೇಲೆ. ಹತ್ತನೇ ತರಗತಿಯಲ್ಲಿ ಡಿ ಎಂದರೆ ಅಕಾಡೆಮಿಕ್, ಪಿ ಎಂದರೆ ಅಪ್ಲೈಡ್. ಹನ್ನೊಂದು, ಹನ್ನೆರಡರಲ್ಲಿ ಯು ಯೂನಿವರ್ಸಿಟಿಗೆ, ಸಿ ಕಾಲೇಜಿಗೆ, ಎಂ ಎರಡಕ್ಕೂ, ಇ ನೇರವಾಗಿ ಕೆಲಸಕ್ಕೆ ಸೇರುವವರಿಗೆ, ಒ ಎಲ್ಲರಿಗೂ.

ಒಂಬತ್ತರಲ್ಲಿ ಈ ಡಿ–ಪಿ ವಿಂಗಡಣೆ ಈಗ ಇಲ್ಲ. 2021ರಲ್ಲಿ ಗಣಿತದಿಂದ ಶುರುವಾಗಿ ಉಳಿದ ವಿಷಯಗಳಲ್ಲೂ ಅದನ್ನು ತೆಗೆದರು. ಅಲ್ಲಿ ಕೊನೆಯ ಅಕ್ಷರ ಡಬ್ಲ್ಯೂ. ಹಾಗಾಗಿ ಮೊದಲ ಕವಲು ಬರುವುದೇ ಹತ್ತನೇ ತರಗತಿಯಲ್ಲಿ. ಆಯ್ಕೆ ವಿಷಯವಾರು: ಗಣಿತ ಪಿ ತೆಗೆದುಕೊಂಡು ಇಂಗ್ಲಿಷ್ ಡಿ ತೆಗೆದುಕೊಳ್ಳಬಹುದು. ಹೈಸ್ಕೂಲ್ ಡಿಪ್ಲೊಮಾಕ್ಕೆ ಬೇಕಾದ 30 ಕ್ರೆಡಿಟ್‌ಗಳಲ್ಲಿ ಪಿ ಕೋರ್ಸಿಗೂ ಪೂರ್ತಿ ಒಂದು ಕ್ರೆಡಿಟ್ ಸಿಗುತ್ತದೆ.

ಇಂಗ್ಲಿಷ್: ಇಲ್ಲಿ ಸೇತುವೆ ಇಲ್ಲ

ಮಕ್ಕಳು ಇನ್ನೂ ಏನೂ ನಿರ್ಧರಿಸಿಲ್ಲವಾದರೆ, ಇಂಗ್ಲಿಷ್ ಒಂದನ್ನಾದರೂ ಡಿ ಆಗಿಯೇ ಇಡಿ. ಕಾರಣ ಸರಳ. ಯೂನಿವರ್ಸಿಟಿಯ ಬಹುತೇಕ ಎಲ್ಲ ಪ್ರೋಗ್ರಾಂಗೂ ಹನ್ನೆರಡನೇ ತರಗತಿಯ ಇಎನ್‌ಜಿ4ಯು ಬೇಕು. ಅದಕ್ಕೆ ಮುಂಚೆ ಹನ್ನೊಂದರ ಯು ಮಟ್ಟದ ಇಂಗ್ಲಿಷ್, ಅದಕ್ಕೂ ಮುಂಚೆ ಇಎನ್‌ಜಿ2ಡಿ. ಇಎನ್‌ಜಿ2ಪಿ ಓದಿದವರ ದಾರಿ ಇಎನ್‌ಜಿ3ಸಿ, ಇಎನ್‌ಜಿ4ಸಿ ಕಡೆಗೆ ಹೋಗುತ್ತದೆ. ಗಣಿತದಲ್ಲಿರುವಂತೆ ನಡುವೆ ದಾಟಿಸುವ ಎಂ ಕೋರ್ಸ್ ಇಂಗ್ಲಿಷ್‌ನ ಈ ಸಾಲಿನಲ್ಲಿ ಇಲ್ಲ. ಆಮೇಲೆ ಮನಸ್ಸು ಬದಲಾದರೆ ಸಮ್ಮರ್ ಸ್ಕೂಲಿನಲ್ಲೋ ಆನ್‌ಲೈನ್‌ನಲ್ಲೋ ಇಎನ್‌ಜಿ2ಡಿ ಮಾಡಬೇಕು, ಇಲ್ಲವೇ ಪ್ರಿನ್ಸಿಪಾಲರು ಆ ಷರತ್ತನ್ನು ಸಡಿಲಿಸಬೇಕು. ಅವರಿಗೆ ಆ ಅಧಿಕಾರವಿದೆ, ಆದರೆ ಸಡಿಲಿಸಲೇಬೇಕೆಂದೇನಿಲ್ಲ.

ಗಣಿತ: ಸುತ್ತುದಾರಿ ಇದೆ

ಹತ್ತರ ಅಪ್ಲೈಡ್ ಗಣಿತ, ಅಂದರೆ ಎಂಎಫ್‌ಎಂ2ಪಿ ಮುಗಿಸಿದವರಿಗೆ ಹನ್ನೊಂದರಲ್ಲಿ ಎರಡು ಮುಖ್ಯ ಬಾಗಿಲು. ಎಂಬಿಎಫ್3ಸಿ ತೆಗೆದುಕೊಂಡರೆ ಮುಂದೆ ಎಂಎಪಿ4ಸಿ, ಅಲ್ಲಿಂದ ಕಾಲೇಜು. ಎಂಸಿಎಫ್3ಎಂ ತೆಗೆದುಕೊಂಡರೆ ಯೂನಿವರ್ಸಿಟಿ ಬಾಗಿಲು ತೆರೆದೇ ಇರುತ್ತದೆ: ಅದರಿಂದ ಡೇಟಾ ಮ್ಯಾನೇಜ್‌ಮೆಂಟ್ ಕಲಿಸುವ ಎಂಡಿಎಂ4ಯು ನೇರವಾಗಿ ಸಿಗುತ್ತದೆ. ಎಂಸಿಟಿ4ಸಿ ಮೂಲಕ ಅಡ್ವಾನ್ಸ್ಡ್ ಫಂಕ್ಷನ್ಸ್, ಅಂದರೆ ಎಂಎಚ್‌ಎಫ್4ಯು ಕೂಡ ಸಿಗುತ್ತದೆ. ಸಿಗದೇ ಇರುವುದು ಹನ್ನೊಂದರ ಯು ಮಟ್ಟದ ಫಂಕ್ಷನ್ಸ್, ಎಂಸಿಆರ್3ಯು. ಅದಕ್ಕೆ ಹತ್ತರ ಅಕಾಡೆಮಿಕ್ ಗಣಿತ, ಅಂದರೆ ಎಂಪಿಎಂ2ಡಿ ಆಗಿರಲೇಬೇಕು.

ಕ್ಯಾಲ್ಕುಲಸ್‌ವರೆಗೆ ಹೋಗುವ ಸುತ್ತುದಾರಿ ಹೀಗಿದೆ: ಹನ್ನೊಂದರ ಮೊದಲ ಸೆಮಿಸ್ಟರ್‌ನಲ್ಲಿ ಎಂಸಿಎಫ್3ಎಂ, ಎರಡನೆಯದರಲ್ಲಿ ಎಂಸಿಟಿ4ಸಿ, ಹನ್ನೆರಡರ ಮೊದಲ ಸೆಮಿಸ್ಟರ್‌ನಲ್ಲಿ ಎಂಎಚ್‌ಎಫ್4ಯು, ಕೊನೆಗೆ ಕ್ಯಾಲ್ಕುಲಸ್ ಕಲಿಸುವ ಎಂಸಿವಿ4ಯು. ಕಾಗದದ ಮೇಲೆ ಸರಿಯಾಗಿದೆ, ಆದರೆ ಒಂದು ಸೆಮಿಸ್ಟರ್ ತಪ್ಪಿದರೂ ಸರಪಳಿ ಕಳಚುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಮನಸ್ಸಿನಲ್ಲಿದ್ದರೆ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಎಂಪಿಎಂ2ಡಿ ಮಾಡಿ ಎಂಸಿಆರ್3ಯುಗೆ ಸೇರುವುದು ಹೆಚ್ಚು ಭದ್ರ ಎಂದು ನಮ್ಮ ಅಭಿಪ್ರಾಯ.

ಪಿಯಿಂದ ಎಂಸಿಎಫ್3ಎಂಗೆ ಬಂದವರು ಎಡವುವುದು ವರ್ಗ ಸಮೀಕರಣದಲ್ಲಿ. ಎಕ್ಸ್ ವರ್ಗದ ಗುಣಾಂಕ 1 ಇರುವ ಸರಳ ಅಪವರ್ತನವನ್ನಷ್ಟೇ ಪಿ ಕೋರ್ಸ್ ಕಲಿಸುತ್ತದೆ. ವರ್ಗ ಪೂರ್ಣಗೊಳಿಸುವುದು, ವರ್ಗ ಸಮೀಕರಣದ ಸೂತ್ರ, ಸೈನ್ ಮತ್ತು ಕೊಸೈನ್ ನಿಯಮ ಇವೆಲ್ಲ ಡಿಯಲ್ಲಿ ಬರುತ್ತವೆ. ಸೆಪ್ಟೆಂಬರ್‌ಗೆ ಮುಂಚೆ ಇಷ್ಟನ್ನು ಮನೆಯಲ್ಲಿ ಕೂರಿಸಿ ಮಾಡಿಸಿದರೆ ಮೊದಲ ತಿಂಗಳ ಪರದಾಟ ತಪ್ಪುತ್ತದೆ.

ವಿಜ್ಞಾನದಲ್ಲಿ ಹನ್ನೊಂದರ ಯು ಮಟ್ಟದ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರಕ್ಕೂ ಎಸ್‌ಎನ್‌ಸಿ2ಡಿ ಬೇಕು. ಎಸ್‌ಎನ್‌ಸಿ2ಪಿ ಓದಿದವರು ಸಿ ಮಟ್ಟದ ಬಯಾಲಜಿಗೆ ಅಥವಾ ಪರಿಸರ ವಿಜ್ಞಾನದ ಎಸ್‌ವಿಎನ್3ಎಂಗೆ ಹೋಗಬಹುದು.

ಕೊನೆಯಲ್ಲಿ ಲೆಕ್ಕ ಹಾಕುವುದು ಹೇಗೆ

ಯೂನಿವರ್ಸಿಟಿ ನೋಡುವುದು ಹನ್ನೆರಡನೇ ತರಗತಿಯ ಆರು ಯು ಅಥವಾ ಎಂ ಕೋರ್ಸ್‌ಗಳ ಸರಾಸರಿಯನ್ನು, ಪ್ರೋಗ್ರಾಂ ಕಡ್ಡಾಯವಾಗಿ ಕೇಳುವ ವಿಷಯಗಳೂ ಅದರೊಳಗೇ ಸೇರಿ. ಸಿ ಕೋರ್ಸ್ ಈ ಆರರಲ್ಲಿ ಬರುವುದಿಲ್ಲ. ಎಂಎಪಿ4ಸಿಯಲ್ಲಿ 95 ಬಂದಿದ್ದರೂ ಸರಾಸರಿಗೆ ಅದು ಇಲ್ಲದಂತೆಯೇ. ಹನ್ನೆರಡಕ್ಕೆ ಬಂದ ಮೇಲೆ ಆರು ಕೋರ್ಸ್ ತುಂಬುತ್ತಿಲ್ಲ ಎಂದು ಗೊತ್ತಾಗುವುದು ಬಹಳ ನೋವಿನ ವಿಷಯ. ಹತ್ತರಲ್ಲೇ ಕೂತು ಆ ಆರರ ಹೆಸರು ಬರೆದಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಹಿಂದಿನ ಕೋರ್ಸ್ ಯಾವುದು ಎಂದು ಹಿಂದಕ್ಕೆ ಹೆಜ್ಜೆ ಹಾಕಿ. ಆರನೆಯ ಜಾಗಕ್ಕೆ ಬಿಸಿನೆಸ್ ಲೀಡರ್‌ಶಿಪ್‌ನ ಬಿಒಎಚ್4ಎಂನಂಥ ಎಂ ಕೋರ್ಸ್ ಹಲವರಿಗೆ ಒದಗುತ್ತದೆ.

ಕಾಲೇಜಿನ ಡಿಪ್ಲೊಮಾಗಳಿಗೆ ಸಾಮಾನ್ಯವಾಗಿ ಹೈಸ್ಕೂಲ್ ಡಿಪ್ಲೊಮಾ, ಹನ್ನೆರಡರ ಸಿ ಅಥವಾ ಯು ಇಂಗ್ಲಿಷ್, ಮೇಲೆ ಪ್ರೋಗ್ರಾಂಗೆ ತಕ್ಕ ಗಣಿತ ಅಥವಾ ವಿಜ್ಞಾನ ಸಾಕು. ಟೆಕ್ನಾಲಜಿ ಕಡೆ ಹೋಗುವವರು ಎಂಎಪಿ4ಸಿಗಿಂತ ಎಂಸಿಟಿ4ಸಿ ಮಾಡಿಕೊಂಡರೆ ಒಳ್ಳೆಯದು. ಆದರೆ ಕಾಲೇಜೇ ಕೊಡುವ ನಾಲ್ಕು ವರ್ಷದ ಡಿಗ್ರಿಗೆ ಮತ್ತೆ ಆರು ಯು ಅಥವಾ ಎಂ ಕೋರ್ಸ್‌ಗಳೇ ಬೇಕು, ಸರಾಸರಿ ಕನಿಷ್ಠ 65. ಹೆಸರಲ್ಲಿ ಕಾಲೇಜು ಎಂದಿದೆ ಅಂತ ಇಲ್ಲಿ ಮೋಸ ಹೋಗುವವರಿದ್ದಾರೆ. ಡಿಪ್ಲೊಮಾ ಮುಗಿಸಿ ಯೂನಿವರ್ಸಿಟಿಗೆ ಕ್ರೆಡಿಟ್ ವರ್ಗಾಯಿಸಿಕೊಂಡು ಹೋಗುವ ದಾರಿಯೂ ಇದೆ. ಯಾವ ಡಿಪ್ಲೊಮಾಕ್ಕೆ ಎಲ್ಲಿ ಎಷ್ಟು ಕ್ರೆಡಿಟ್ ಕೊಡುತ್ತಾರೆ ಎಂದು ಆನ್‌ಟ್ರಾನ್ಸ್‌ಫರ್ ತಾಣದಲ್ಲಿ ಮೊದಲೇ ನೋಡಿ.

ಟ್ರಾನ್ಸ್‌ಕ್ರಿಪ್ಟ್ ಬಗ್ಗೆ ಒಂದು ಎಚ್ಚರ. ಒಂಬತ್ತು, ಹತ್ತರಲ್ಲಿ ಫೇಲಾದ ಕೋರ್ಸ್ ಅದರಲ್ಲಿ ಕಾಣುವುದಿಲ್ಲ. ಹನ್ನೊಂದರಿಂದ ಎಲ್ಲವೂ ಕಾಣುತ್ತದೆ. ಮಿಡ್‌ಟರ್ಮ್ ರಿಪೋರ್ಟ್ ಕೈಗೆ ಬಂದು ಐದು ಶಾಲಾ ದಿನ ಕಳೆದ ಮೇಲೆ ಕೋರ್ಸ್ ಬಿಟ್ಟರೂ ಆ ದಿನದ ಅಂಕದೊಂದಿಗೆ ದಾಖಲಾಗುತ್ತದೆ. ಕಷ್ಟದ ಕೋರ್ಸ್ ಬಿಡುವುದಿದ್ದರೆ ಆ ಐದು ದಿನದೊಳಗೆ ಗೈಡೆನ್ಸ್ ಕೌನ್ಸೆಲರ್‌ರನ್ನು ಕಾಣಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ಕರ್ನಾಟಕದಿಂದ ನೇರವಾಗಿ ಹನ್ನೊಂದಕ್ಕೆ ಸೇರುವ ಮಕ್ಕಳಿಗೆ ಹಿಂದಿನ ಓದಿಗೆ ಎಷ್ಟು ಕ್ರೆಡಿಟ್ ಎಂದು ತೀರ್ಮಾನಿಸುವವರು ಪ್ರಿನ್ಸಿಪಾಲರು. ಮೂಲ ಅಂಕಪಟ್ಟಿ ಜೊತೆಗಿರಲಿ. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಯು ಮಟ್ಟದ ಕೋರ್ಸಿಗೆ ಕೂರಬಹುದೇ ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ. ಸುಮ್ಮನಿದ್ದರೆ ಸೀಟು ಖಾಲಿ ಇರುವ ಕೋರ್ಸಿಗೆ ಹೆಸರು ಸೇರಿಬಿಡಬಹುದು.